ಪಿಟೀಲು ಇಲ್ಲದ ಹಾಡು

ಫೆಬ್ರವರಿ 3

ಅಣ್ಣಾ,

ನೀನು ನನ್ನ ಫೋನ್ ಎತ್ತಿ ಏಳು ತಿಂಗಳಾಯಿತು. ಮೆಸೇಜು ಮಾಡಿದರೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. "ಅಂಗಡಿಯಲ್ಲಿ ಗಲಾಟೆ, ಏನಿದ್ದರೂ ಕಾಗದ ಬರಿ" ಎಂದು ಕಾರ್ಡು ಹಾಕಿದೆಯಲ್ಲ, ಸರಿ, ಬರೆಯುತ್ತಿದ್ದೇನೆ. ಪೆನ್ನನ್ನು ಕತ್ತರಿ ಹಿಡಿದ ಹಾಗೆ ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನೀನೇ ಇಸ್ತ್ರಿ ಹಾಕಿಕೊಂಡು ಓದು.

ಒಂದು ಸುದ್ದಿ ಇದೆ. ಮೊದಲೇ ಹೇಳುತ್ತೇನೆ, ನಗಬಾರದು. ನಾನು ಗಿಟಾರ್ ಕಲಿಯುತ್ತಿದ್ದೇನೆ. ಹೌದು, ನಲವತ್ತೇಳನೆಯ ವಯಸ್ಸಿನಲ್ಲಿ. ಪಿಟೀಲು, ಗಿಟಾರುಗಳನ್ನು ಬಿಚ್ಚಿ ಜೋಡಿಸುವ ಅಣ್ಣನನ್ನು ಬಿಟ್ಟು ನಾನು ಯಾರ ಹತ್ತಿರ ಕಲಿಯುತ್ತಿದ್ದೇನೆ ಗೊತ್ತೇ? ಮೊಬೈಲಿನ ಹತ್ತಿರ. ನಮ್ಮ ಮನೆಯವರೇ ಒಂದು ಎಐ ಆ್ಯಪ್ ಹಾಕಿಕೊಟ್ಟರು. ನಾನು ನುಡಿಸುವುದನ್ನು ಅದು ಕೇಳಿಸಿಕೊಳ್ಳುತ್ತದೆ. ಸರಿಯಿದ್ದರೆ ಹಸಿರು ಗುರುತು, ತಪ್ಪಿದರೆ ಕೆಂಪು. ನೂರು ಸಲ ತಪ್ಪಿದರೂ "ಪರವಾಗಿಲ್ಲ, ಇನ್ನೊಮ್ಮೆ ಪ್ರಯತ್ನಿಸೋಣ" ಎನ್ನುತ್ತದೆ. ಅಷ್ಟು ತಾಳ್ಮೆ ಇರುವವರು ನಮ್ಮ ವಂಶದಲ್ಲಿ ಯಾರೂ ಇಲ್ಲ.

ಕಾರ್ಖಾನೆಯಲ್ಲಿ ಈಗ ನಾನೇ ಕಟ್ಟಿಂಗ್ ಮಾಸ್ಟರ್. ದಿನಕ್ಕೆ ಇನ್ನೂರು ಸಮವಸ್ತ್ರದ ಬಟ್ಟೆ ಕತ್ತರಿಸಿ ಬಂದು, ಕೈಕಾಲು ತೊಳೆದು, ಸಂಜೆ ಒಂದು ಗಂಟೆ ಕೂರುತ್ತೇನೆ. ಒಮ್ಮೊಮ್ಮೆ ಕಾರ್ಖಾನೆಗೂ ಒಯ್ದು ಊಟದ ಬಿಡುವಿನಲ್ಲಿ ನುಡಿಸುವುದುಂಟು. ಬಲಗೈ ಕತ್ತರಿಯಿಂದ ಜಡ್ಡುಗಟ್ಟಿತ್ತು, ಈಗ ತಂತಿಯಿಂದ ಎಡಗೈ ಬೆರಳುಗಳೂ ಜಡ್ಡುಗಟ್ಟುತ್ತಿವೆ. ನಮ್ಮ ಮನೆಯವರು ಕೇಳುತ್ತಾರೆ: "ಮತ್ತೆ ಅದನ್ನೇ ನುಡಿಸ್ತೀಯಾ? ಸರಿ ಹಾಗಾದ್ರೆ, ನಾನು ಸ್ವಲ್ಪ ಓಡಾಡ್ಕೊಂಡು ಬರ್ತೀನಿ." ಈ ಎರಡು ತಿಂಗಳಲ್ಲಿ ಅವರ ಹೊಟ್ಟೆ ಕರಗಿದೆ.

ಬೆರಳು ಉರಿಯುತ್ತವೆ. ಇದಕ್ಕೆ ಏನಾದರೂ ಉಪಾಯ ಇದ್ದರೆ ಬರಿ.

ನಿನ್ನ ತಂಗಿ


ಫೆಬ್ರವರಿ 19

ಮೋಟುಜಡೆಗೆ,

ಕಾಗದ ತಲುಪಿತು. ನಗಲಿಲ್ಲ.

ಬೆರಳು ಉರಿಯುವುದಕ್ಕೆ ಉಪಾಯವಿಲ್ಲ. ಇನ್ನೆರಡು ತಿಂಗಳು ಉರಿದು ತಾನೇ ನಿಲ್ಲುತ್ತದೆ. ತಂತಿ ಮರದಿಂದ ತುಂಬಾ ಮೇಲಿದ್ದರೆ ಕುದುರೆಯನ್ನು, ಅಂದರೆ ತಂತಿಗಳ ಕೆಳಗೆ ಒತ್ತು ಕೊಡುವ ಆ ಸಣ್ಣ ಪಟ್ಟಿಯನ್ನು, ಯಾರಾದರೂ ಬಲ್ಲವರ ಕೈಲಿ ಒಂದು ಕೂದಲೆಳೆಯಷ್ಟು ಉಜ್ಜಿಸು. ನೀನೇ ಉಜ್ಜಬೇಡ. ಬಟ್ಟೆಯಾದರೆ ತುಂಡು ಹಚ್ಚಬಹುದು, ಮರಕ್ಕೆ ಆಗುವುದಿಲ್ಲ.

ಆ್ಯಪ್ ವಿಚಾರ. ಕೆಂಪು ಹಸಿರು ತೋರಿಸುವುದಕ್ಕೆ ರಸ್ತೆಯಲ್ಲಿ ದೀಪದ ಕಂಬ ಇದೆ. ಸ್ವರ ಸರಿಯೋ ತಪ್ಪೋ ಎಂದು ಹೇಳಬೇಕಾದ್ದು ನಿನ್ನ ಕಿವಿ. ಆ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಕಿವಿ ಸೋಮಾರಿಯಾಗುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ, ಮುಂದೆ ನಿನ್ನಿಷ್ಟ.

ಫೋನ್ ಮಾಡಬೇಡ. ನಿಜವಾಗಿಯೂ ಇಲ್ಲಿ ಗಲಾಟೆ. ಎದುರಿನ ಕಟ್ಟಡ ಕೆಡವುತ್ತಿದ್ದಾರೆ.

ಅಣ್ಣ


ಮಾರ್ಚ್ 11

ಅಣ್ಣಾ,

ಏಳು ತಿಂಗಳಿಂದ ಒಂದೇ ಕಟ್ಟಡ ಕೆಡವುತ್ತಿದ್ದಾರೆಯೇ? ಎಷ್ಟು ಮಹಡಿಯದಪ್ಪಾ ಅದು?

ಹೋಗಲಿ. ನಮ್ಮ ಗುಂಡಿ ಅಕ್ಕ ಈ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಿದ್ದಾರೆ. ಅಂಗಿಗಳಿಗೆ ಗುಂಡಿ ಹೊಲಿಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಲವತ್ತು ತೋಳುಗಳನ್ನು ತಿರುವುಮುರುವಾಗಿ ಕತ್ತರಿಸಿದ್ದಾಗ, ಮೇಲಿನವರ ಕಣ್ಣಿಗೆ ಬೀಳುವ ಮೊದಲೇ ಆ ಬಟ್ಟೆಯನ್ನೆಲ್ಲ ಕಾಲರಿಗೆ ಹೊಂದಿಸಿ ನನ್ನ ಕೆಲಸ ಉಳಿಸಿದವರು. ಬೀಳ್ಕೊಡುಗೆಗೆ ಯಾರು ಏನು ಮಾಡುತ್ತೀರಿ ಎಂದು ಪಟ್ಟಿ ಬಂತು. ಬಾಯಿ ಸುಮ್ಮನಿರಲಿಲ್ಲ. "ನಾನೇ ಒಂದು ಹಾಡು ಕಟ್ಟಿ ಗಿಟಾರಲ್ಲಿ ನುಡಿಸ್ತೀನಿ" ಎಂದುಬಿಟ್ಟೆ. ಇಸ್ತ್ರಿ ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು. ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಹೊಸದೊಂದು ಆ್ಯಪ್ ಸಿಕ್ಕಿದೆ. ನಾವು ಗುನುಗಿದ ರಾಗಕ್ಕೆ ಗಿಟಾರಿನ ಯಾವ ಸ್ವರಗುಚ್ಛ ಹೊಂದುತ್ತದೆ, ತಾಳ ಹೇಗಿದ್ದರೆ ಚೆನ್ನ ಎಂದೆಲ್ಲ ಹೇಳುತ್ತದೆ. ಅದರ ಸಹಾಯದಿಂದ ಹಾಡು ಮುಗಿಸಿದ್ದೇನೆ. ಮೂರೂವರೆ ನಿಮಿಷ ಬರುತ್ತದೆ. ಕಟ್ಟಿದ್ದು ನಾನೇ, ಗಿಟಾರ್ ನುಡಿಸಿದ್ದೂ ನಾನೇ. ಹಿನ್ನೆಲೆಯ ಒಂದೆರಡು ವಾದ್ಯ ಮಾತ್ರ ಆ್ಯಪಿನದು.

ನಿನ್ನ ಮೊಬೈಲಿಗೆ ಕಳಿಸಿದ್ದೇನೆ. ಕೆಲಸವೆಲ್ಲ ಮುಗಿಸಿ, ಬಾಗಿಲು ಹಾಕಿಕೊಂಡು, ನೆಮ್ಮದಿಯಾಗಿ ಕೇಳು. ನನಗೆ ಹಸಿರು ಕೆಂಪು ಬೇಡ. ನಿನ್ನ ಮಾತು ಬೇಕು. ನೀನು ಚೆನ್ನಾಗಿಲ್ಲ ಎಂದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. (ಮಾಡಿಕೊಳ್ಳುತ್ತೇನೆ. ಆದರೂ ಹೇಳು.)

ತಂಗಿ


ಮಾರ್ಚ್ 27

ಮೋಟುಜಡೆಗೆ,

ಹಾಡು ಕೇಳಿದೆ. ಮನಸ್ಸಿಗೆ ಬಹಳ ಹಿತವಾಯಿತು.

ಶಾಂತವಾದ ಗಿಟಾರಿನೊಂದಿಗೆ ಆರಂಭವಾಗಿ, ಮೆಲ್ಲನೆ ಅರಳುತ್ತಾ ಹೋಗುತ್ತದೆ. ಎರಡನೆಯ ಭಾಗದಲ್ಲಿ ಪಿಟೀಲು ಬಂದು ಸೇರಿಕೊಳ್ಳುವ ಜಾಗ ವಿಶೇಷವಾಗಿ ಹಿಡಿಸಿತು. ಒಟ್ಟಾರೆ ಕೇಳುಗನಲ್ಲಿ ಮುಂಜಾನೆಯ ಭರವಸೆ ಮೂಡಿಸುವಂಥ ಕೃತಿ. ತಾಳವೂ ಸ್ಥಿರವಾಗಿದೆ. ಹೊಸಬಳೊಬ್ಬಳು ಇಷ್ಟು ಬೇಗ ಈ ಮಟ್ಟ ಮುಟ್ಟಿದ್ದು ಮೆಚ್ಚಬೇಕಾದ್ದೇ.

ಬೀಳ್ಕೊಡುಗೆಯಲ್ಲಿ ಧೈರ್ಯವಾಗಿ ನುಡಿಸು. ಜನರ ಮುಖ ನೋಡಬೇಡ, ಬೆರಳು ನೋಡಿಕೋ. ಹೊಸ ತಂತಿ ಹಾಕಿದ್ದರೆ ನಾಲ್ಕು ದಿನ ಮೊದಲೇ ಎಳೆದು ಪಳಗಿಸು.

ಎದುರಿನ ಕಟ್ಟಡ ಇನ್ನೂ ಮುಗಿದಿಲ್ಲ.

ಅಣ್ಣ


ಏಪ್ರಿಲ್ 4

ಅಣ್ಣಾ,

ಬೀಳ್ಕೊಡುಗೆ ಆಯಿತು. ಚೆನ್ನಾಗಿಯೇ ಆಯಿತು.

ನಿನ್ನ ಕಾಗದವನ್ನು ಐದಾರು ಸಲ ಓದಿದೆ. ಮೊದಲ ಸಲ ಓದಿದಾಗ ಅಡುಗೆಮನೆಯಲ್ಲಿ ನಿಂತು ಕುಣಿದಾಡಿದೆ, ನಿಜ. ಮೂರನೆಯ ಸಲಕ್ಕೆ ಒಂದು ಮಾತು ಕಾಲಿಗೆ ಮುಳ್ಳಿನಂತೆ ಚುಚ್ಚಿತು. ಪಿಟೀಲು ಎಲ್ಲಿತ್ತು ಅಣ್ಣಾ? ನನ್ನ ಹಾಡಿನಲ್ಲಿ ಪಿಟೀಲೇ ಇಲ್ಲ. ಎರಡನೆಯ ಭಾಗದಲ್ಲಿ ಬರುವುದು ಕೊಳಲು. ಎಷ್ಟು ಜೋರಾಗಿ ಬರುತ್ತದೆಂದರೆ ನಮ್ಮ ಮನೆಯವರಿಗೂ ಗೊತ್ತಾಯಿತು, ಅವರಿಗೆ ಗಿಟಾರಿಗೂ ಬಡಗಿಯ ಗರಗಸಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮೂವತ್ತು ವರ್ಷ ಪಿಟೀಲಿನ ಹೊಟ್ಟೆಯೊಳಗೆ ತಲೆ ಇಟ್ಟು ಬದುಕಿದ ನಿನಗೆ ಗೊತ್ತಾಗಲಿಲ್ಲವೇ?

ನೀನು ಕೇಳಲೇ ಇಲ್ಲ. ಮೂರೂವರೆ ನಿಮಿಷ ನನಗಾಗಿ ಕೂರಲಿಲ್ಲ. ಯಾವುದಕ್ಕಾದರೂ ಹೊಂದುವಂಥ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿದೆ. "ಮುಂಜಾನೆಯ ಭರವಸೆ" ಅಂತೆ! ನೀನು ಜನ್ಮದಲ್ಲಿ ಎಂದಾದರೂ ಹಾಗೆ ಮಾತಾಡಿದ್ದುಂಟೇ?

ನನಗೆ ಹನ್ನೊಂದು ವರ್ಷ ಇದ್ದಾಗ ನೀನು ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಿಟೀಲು ಪಾಠ ಮಾಡುತ್ತಿದ್ದೆ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮೂರನೆಯ ದಿನ ನೀನು ಎಲ್ಲರೆದುರು ಹೇಳಿದೆ: "ಇದು ನಿನ್ನ ಕೈಗೆ ಹತ್ತೋದಲ್ಲ, ಹೊರಗೆ ಹೋಗಿ ಆಟ ಆಡ್ಕೋ." ಆಟ ಆಡಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ನಿಮ್ಮ ಪಾಠ ಮುಗಿಯುವವರೆಗೂ ಕೇಳಿದೆ.

ಅವತ್ತು ಹೊರಗೆ ಕಳಿಸಿದ್ದೇ ವಾಸಿ. ನಾನು ನುಡಿಸಿದ್ದನ್ನು ಕೇಳಿಸಿಕೊಂಡಾದರೂ ಹೇಳಿದ್ದೆ ನೀನು.

ತಂಗಿ


ಏಪ್ರಿಲ್ 15

ಮೋಟುಜಡೆಗೆ,

ಕೈತಪ್ಪಿ ಬರೆದೆ. ಪಿಟೀಲು ಇದ್ದ ಕಡೆ ಕೊಳಲು ಎಂದು ಓದಿಕೋ. ಕೆಲಸ ಹೆಚ್ಚು.

ಅಣ್ಣ


ಜೂನ್ 9

ಅಣ್ಣಾ,

ನಿನ್ನ ಎರಡು ಸಾಲಿನ ಕಾರ್ಡನ್ನು ಹರಿಯಬೇಕು ಅಂದುಕೊಂಡೆ, ಹರಿಯಲಿಲ್ಲ. ಇನ್ನು ಬರೆಯುವುದೇ ಇಲ್ಲ ಎಂದೂ ಅಂದುಕೊಂಡಿದ್ದೆ. ಆದರೆ ಎರಡು ತಿಂಗಳಿಂದ ಒಂದು ಮಾತು ಗಂಟಲಲ್ಲಿ ಕೂತಿದೆ. ನೀನು ಸುಳ್ಳು ಹೇಳಿದೆ ಎಂದು ರೇಗಾಡಿದೆನಲ್ಲ, ಮೊದಲು ಸುಳ್ಳು ಹೇಳಿದವಳು ನಾನು.

ಆ ಹಾಡು ನನ್ನದಲ್ಲ. ನಾನು ಮಾಡಿದ್ದು ಇಷ್ಟು: ಒಂದು ಸಂಜೆ ಬಟ್ಟೆ ಮಡಚುತ್ತಾ ಏನೋ ಗುನುಗಿಕೊಂಡೆ, ಎಂಟು ಸೆಕೆಂಡು. ಅದನ್ನು ಆ್ಯಪಿಗೆ ಕೊಟ್ಟೆ. "ಇದನ್ನು ಪೂರ್ಣ ಹಾಡು ಮಾಡಲೇ?" ಎಂದು ಕೇಳಿತು. ಹೂಂ ಅಂದೆ. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಮೂರೂವರೆ ನಿಮಿಷದ ಹಾಡು ಕೂತಿತ್ತು. ಗಿಟಾರು, ಕೊಳಲು, ತಾಳ, ಎಲ್ಲ ಅದರದೇ. ಹದಿನಾಲ್ಕು ಸಲ ಬೇರೆ ಬೇರೆ ಥರ ಮಾಡಿಸಿ ಒಂದನ್ನು ಆರಿಸಿದೆ. ಸೀರೆ ಅಂಗಡಿಯಲ್ಲಿ ಕೂತವರು ಆರಿಸುವ ಹಾಗೆ.

ಅದರಲ್ಲಿ ಸುಖ ಇರಲಿಲ್ಲ ಅಂದರೆ ಅದೂ ಸುಳ್ಳೇ. ಮೊದಲ ಸಲ ಕೇಳಿದಾಗ ಅತ್ತುಬಿಟ್ಟೆ. ನನ್ನ ಬಡ ಗುನುಗು ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ಬಂದು ನಿಂತ ಹಾಗಿತ್ತು. ಮಾರನೆಯ ದಿನದಿಂದ ಅದನ್ನು ನುಡಿಸಲು ಕೂತೆ. ಬರಲೇ ಇಲ್ಲ. ಅದರ ಒಂದು ಸಾಲು ನುಡಿಸಲೂ ನನಗೆ ಇನ್ನೈದು ವರ್ಷ ಬೇಕು.

ಬೀಳ್ಕೊಡುಗೆಯ ದಿನ ಏನು ಮಾಡಿದೆ ಗೊತ್ತೇ? ಹೂಕುಂಡದ ಹಿಂದೆ ಮೊಬೈಲಿಗೆ ಸಣ್ಣ ಸ್ಪೀಕರು ಜೋಡಿಸಿ ಇಟ್ಟೆ. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಬೆರಳಾಡಿಸಿದೆ. ಮಧ್ಯಾಹ್ನದ ಬಿಸಿಲು, ಇಸ್ತ್ರಿ ಹಾಲಿನ ತುಂಬ ಜನ, ಮುಂದೆ ಕುರ್ಚಿಯಲ್ಲಿ ಗುಂಡಿ ಅಕ್ಕ. ಮೊದಲರ್ಧ ಯಾರಿಗೂ ಗೊತ್ತಾಗಲಿಲ್ಲ. ನನಗೇ ನಾನು ನುಡಿಸುತ್ತಿದ್ದೇನೆ ಅನ್ನಿಸಲು ಶುರುವಾಯಿತು, ಆ ಭ್ರಮೆಯಲ್ಲಿ ಕೈ ಸ್ವಲ್ಪ ಜೋರಾಗಿ ಎಳೆಯಿತೋ ಏನೋ. ಟಪ್ ಎಂದು ಮೊದಲನೆಯ ತಂತಿ ಕಿತ್ತುಹೋಯಿತು. ಕಿತ್ತ ತಂತಿ ಗಾಳಿಯಲ್ಲಿ ತೂಗಾಡುತ್ತಿದೆ, ನನ್ನ ಎರಡೂ ಕೈ ಹಾಗೇ ನಿಂತಿವೆ, ಗಿಟಾರಿನ ಸದ್ದು ಮಾತ್ರ ಒಂದಿಷ್ಟೂ ತಪ್ಪದೆ ಹರಿಯುತ್ತಿದೆ!

ಹಿಂದಿನಿಂದ ಯಾರೋ ಕೂಗಿದರು: "ಮೇಡಂ, ನೀವು ಎದ್ದು ಟೀ ಕುಡೀರಿ, ಅದೇ ನುಡಿಸ್ಕೊಳ್ಳುತ್ತೆ!"

ಇಡೀ ಹಾಲು ನಕ್ಕಿತು. ಕೆಟ್ಟದಾಗಿ ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಸ್ಪೀಕರು ಆರಿಸಲು ಹೋದರೆ ಕೈ ತಗುಲಿ ಹೂಕುಂಡ ಬಿತ್ತು. ಗುಂಡಿ ಅಕ್ಕ ಎದ್ದು ಬಂದು ಮಣ್ಣು ಬಾಚುತ್ತಾ ಹೇಳಿದರು: "ಹಾಡು ಚೆನ್ನಾಗಿತ್ತು ಕಣೇ. ಹಲ್ಲಿನ ಡಾಕ್ಟರ್ ಹತ್ರ ಕಾಯ್ತಾ ಕೂತಾಗ ಇಂಥದ್ದೇ ಹಾಕಿರ್ತಾರೆ." ಆಮೇಲೆ ಕಿವಿಯ ಹತ್ತಿರ ಬಂದು, "ಇದನ್ನ ಯಾರು ಕೇಳಿದ್ರು ನಿನ್ನ? ಊಟದ ಬಿಡುವಲ್ಲಿ ಟೊಂಯ್ ಟೊಂಯ್ ಅನ್ನಿಸ್ತಿದ್ಯಲ್ಲ, ಅದು ಸಾಕಾಗಿತ್ತು ನಂಗೆ" ಅಂದರು.

ಆವತ್ತಿನಿಂದ ಗಿಟಾರಿಗೆ ಹೊದಿಕೆ ಹಾಕಿ ಕಪಾಟಿನ ಮೇಲಿಟ್ಟಿದ್ದೇನೆ. ಹೊಸ ತಂತಿ ಹಾಕಿಲ್ಲ. ನೀನು ಹೊಗಳಿದ ಕಾಗದ ಬಂದದ್ದು ಅದರ ಮಾರನೆಯ ದಿನ. ಅಡುಗೆಮನೆಯಲ್ಲಿ ಕುಣಿದಾಡಿದೆ ಎಂದು ಬರೆದದ್ದೂ ಸುಳ್ಳೇ. ನನಗೆ ನನ್ನ ಮೇಲೆಯೇ ಬಂದ ಸಿಟ್ಟನ್ನು ನಿನ್ನ ಪಿಟೀಲಿನ ಮೇಲೆ ತೀರಿಸಿಕೊಂಡೆ. ನನ್ನದಲ್ಲದ ಹಾಡನ್ನು ನೀನು ಸರಿಯಾಗಿ ಕೇಳಲಿಲ್ಲ ಎಂದು ಜಗಳಕ್ಕೆ ನಿಂತೆ. ಯಾವ ಮುಖ ಇತ್ತು ನನಗೆ?

ಕ್ಷಮಿಸು ಅನ್ನುವುದಕ್ಕೆ ಇಷ್ಟು ಉದ್ದ ಬರೆಯಬೇಕಾಯಿತು.

ತಂಗಿ


ಜೂನ್ 16

ಮೋಟುಜಡೆ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಈಗಲೇ ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ಮತ್ತೆ ಎರಡು ಸಾಲಿನ ಕಾರ್ಡು ಬರೆದುಬಿಡುತ್ತೇನೆ.

ಎದುರಿಗೆ ಯಾವ ಕಟ್ಟಡವನ್ನೂ ಕೆಡವುತ್ತಿಲ್ಲ. ಎದುರಿಗೆ ಇರುವುದು ಒಂದು ಔಷಧಿ ಅಂಗಡಿ, ಅಲ್ಲಿ ಸದ್ದೇ ಇಲ್ಲ. ನನಗೆ ಕಿವಿ ಕೇಳಿಸುತ್ತಿಲ್ಲ.

ಎರಡು ವರ್ಷದಿಂದ ಶುರುವಾದದ್ದು. ಮೊದಲು ಹೋದದ್ದು ಮೇಲಿನ ಸ್ವರಗಳು. ಪಿಟೀಲಿನ ತೆಳು ತಂತಿ ಕಮಾನಿನ ಕೆಳಗೆ ಅಲುಗುವುದು ಕಾಣುತ್ತಿತ್ತು, ಸದ್ದು ಮಾತ್ರ ಎಲ್ಲೋ ಗೋಡೆಯಾಚೆ. ತಂತಿಯದೇ ತಪ್ಪು ಎಂದು ಮೂರು ತಂತಿ ಬದಲಾಯಿಸಿದೆ. ಆಮೇಲೆ ಫೋನಿನಲ್ಲಿ ನಿನ್ನ ಮಾತು ಮುದ್ದೆಯಾಗತೊಡಗಿತು. ನೀನು ಏನೋ ಕೇಳುತ್ತಿದ್ದೆ, ನಾನು ಅಂದಾಜಿನ ಮೇಲೆ ಹೂಂ ಅನ್ನುತ್ತಿದ್ದೆ. ಒಂದು ಸಲ ನೀನು ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆ ಅಂದದ್ದಕ್ಕೆ ನಾನು "ಒಳ್ಳೇದಾಯ್ತು ಬಿಡು" ಅಂದೆನಂತೆ. ನಿನ್ನ ಸಿಟ್ಟಿನ ಮೆಸೇಜು ನೋಡಿ ಆಮೇಲೆ ತಿಳಿಯಿತು. ಅಂದಿನಿಂದ ಫೋನ್ ಎತ್ತುವುದು ಬಿಟ್ಟೆ.

ಇನ್ನೊಂದು ಹೇಳಬೇಕು. ನಿನ್ನ ಆ್ಯಪನ್ನು ದೀಪದ ಕಂಬ ಎಂದು ಹೀಗಳೆದೆನಲ್ಲ, ನಾನು ಒಂದೂವರೆ ವರ್ಷದಿಂದ ಬದುಕುತ್ತಿರುವುದೇ ಅಂಥದ್ದೊಂದು ಪೆಟ್ಟಿಗೆಯ ಮೇಲೆ. ಶ್ರುತಿ ತೋರಿಸುವ ಸಣ್ಣ ಯಂತ್ರ. ಮುಳ್ಳು ನಡುವೆ ನಿಂತರೆ ಶ್ರುತಿ ಸರಿ. ಗಿರಾಕಿ ಬಂದರೆ ಅದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುವವನಂತೆ ನಟಿಸಿ, ಓರೆಗಣ್ಣಲ್ಲಿ ಮುಳ್ಳು ನೋಡಿ ಬಿರಡೆ ತಿರುಗಿಸುತ್ತೇನೆ. ಫೆಬ್ರವರಿಯಲ್ಲಿ ಒಬ್ಬ ಹೆಂಗಸು ಪಿಟೀಲು ವಾಪಸು ತಂದರು. "ಒಳಗೆ ಏನೋ ಕಿರ್ ಅಂತಿದೆ, ಕೇಳಿ ನೋಡಿ" ಅಂದರು. ಮುಳ್ಳು ಸರಿಯಾಗಿ ನಿಂತಿತ್ತು. "ಏನೂ ಇಲ್ಲಮ್ಮ, ನಿಮ್ಮ ಭ್ರಮೆ" ಅಂದೆ. ಅವರು ಪಿಟೀಲು ಎತ್ತಿಕೊಂಡು ಹೋದರು. ಆಮೇಲೆ ನೆನಪಾಯಿತು, ಒಳಗಿನ ಪಟ್ಟಿ ಒಂದಕ್ಕೆ ಅಂಟು ಹಾಕುವುದನ್ನೇ ಮರೆತಿದ್ದೆ. ಅವರು ಹೇಳಿದ್ದೇ ನಿಜ.

ಈಗ ನಿನ್ನ ಹಾಡಿನ ವಿಷಯ. ಬಾಗಿಲು ಹಾಕಿಕೊಂಡು ಕೂತೆ. ಮೊಬೈಲನ್ನು ಕಿವಿಗೆ ಒತ್ತಿಕೊಂಡೆ. ದೂರದಲ್ಲಿ ಯಾರೋ ಕಂಬಳಿ ಒದರುತ್ತಿರುವಂಥ ಧಬ ಧಬ ಬಿಟ್ಟು ಏನೂ ಸಿಗಲಿಲ್ಲ. ಹಾಡು ಕೊಟ್ಟರೆ ಅದರಲ್ಲಿ ಏನಿದೆ ಎಂದು ಬರೆದು ತೋರಿಸುವ ಎಐ ಒಂದಿದೆ. ಅದಕ್ಕೆ ಕೊಟ್ಟೆ. "ಪಿಟೀಲು", "ಮುಂಜಾನೆಯ ಭರವಸೆ", ಎಲ್ಲ ಅದು ಬರೆದದ್ದು. ನಾನು ನಕಲು ಮಾಡಿ ಕೆಳಗೆ ಸಹಿ ಹಾಕಿದೆ. ನಿನ್ನ ಕಾಗದ ಓದಿದ ಮೇಲೆ ನಗು ಬಂತು. ಯಂತ್ರ ಮಾಡಿದ ಹಾಡನ್ನು ಯಂತ್ರವೇ ಕೇಳಿ ಮೆಚ್ಚಿಕೊಂಡಿದೆ. ನೀನೂ ನಾನೂ ನಡುವೆ ಬರೀ ಅಂಚೆಯವರು. ನಕ್ಕ ಮೇಲೆ ಸ್ವಲ್ಪ ಹೊತ್ತು ಕೆಲಸ ಮಾಡಲಾಗಲಿಲ್ಲ.

ನೀನು ನಿನ್ನ ಹನ್ನೊಂದನೆಯ ವಯಸ್ಸಿನ ಮಾತು ಬರೆದಿದ್ದೆ. ಅದು ನನಗೆ ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಬರುತ್ತಿಲ್ಲ. ನೀನು ಮೂವತ್ತಾರು ವರ್ಷ ಹೊತ್ತದ್ದನ್ನು ನಾನು ಆ ಸಂಜೆಯೇ ಮರೆತಿರಬೇಕು. ಅದಕ್ಕೆ ಕ್ಷಮೆ ಹೇಗೆ ಕೇಳುವುದೋ ತಿಳಿಯುತ್ತಿಲ್ಲ.

ಈ ವಿಷಯ ಯಾರಿಗೂ ಹೇಳಿಲ್ಲ. ಡಾಕ್ಟರಿಗೂ ತೋರಿಸಿಲ್ಲ. ಕಿವುಡನ ಹತ್ತಿರ ಪಿಟೀಲು ರಿಪೇರಿಗೆ ಯಾರು ತರುತ್ತಾರೆ ಹೇಳು.

ಅಣ್ಣ


ಜೂನ್ 20

ಅಣ್ಣಾ,

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೇನೆ. ಸೋಮವಾರ ರಜೆ ಹಾಕಿದ್ದೇನೆ. ನಿನ್ನ ಊರಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಹನ್ನೊಂದು ಗಂಟೆಗೆ ಹೆಸರು ಬರೆಸಿಯಾಗಿದೆ. ಬೇಡ ಅನ್ನಬೇಕಾದರೆ ಫೋನ್ ಮಾಡಿ ಹೇಳು. ಮಾಡುವುದಿಲ್ಲ ಎಂದು ಗೊತ್ತು, ಅದಕ್ಕೇ ಧೈರ್ಯವಾಗಿ ಬರೆಸಿದೆ.

ಹತ್ತಿರ ಹತ್ತಿರ ಒಂದು ವರ್ಷ ನೀನು ಯಾವುದಕ್ಕೋ ಸಿಟ್ಟಾಗಿದ್ದೀಯ ಎಂದು ತಿಳಿದು, ಏನು ತಪ್ಪು ಮಾಡಿದೆ ಎಂದು ಒಂದೊಂದೇ ನೆನಪಿಸಿಕೊಳ್ಳುತ್ತಿದ್ದೆ. ಪಟ್ಟಿ ಉದ್ದವೇ ಆಗಿತ್ತು. ಆ ಲೆಕ್ಕಕ್ಕೆ ನಿನ್ನ ಕಿವಿ ಹಿಂಡಬೇಕು. ಪರೀಕ್ಷೆ ಮುಗಿಯಲಿ ಎಂದು ಕಾಯುತ್ತೇನೆ.

ಗಿಟಾರನ್ನೂ ತರುತ್ತೇನೆ. ತಂತಿ ನೀನೇ ಹಾಕು. ಅದಕ್ಕೆ ಕಣ್ಣು ಸಾಕು.

ತಂಗಿ


ಜುಲೈ 30

ಮೋಟುಜಡೆಗೆ,

ಕಿವಿಯ ಯಂತ್ರ ಬಂದು ಇಪ್ಪತ್ತು ದಿನವಾಯಿತು. ನೀನು ಜೊತೆಗಿದ್ದು ಅಳತೆ ಕೊಡಿಸಿ ಹೋದೆ, ಹಾಕಿಕೊಂಡ ಮೇಲಿನ ಕಥೆ ನಿನಗೆ ಗೊತ್ತಿಲ್ಲ.

ಚಮಚ ಬಿದ್ದರೆ ಮನೆ ಬಿದ್ದಂತಾಗುತ್ತದೆ. ನನ್ನ ಚಪ್ಪಲಿ ಇಷ್ಟು ಮಾತಾಡುತ್ತದೆಂದು ತಿಳಿದಿರಲಿಲ್ಲ. ಕಾಗದ ಮಡಚಿದರೆ ಒಣ ಸೌದೆ ಮುರಿದ ಹಾಗೆ. ಇವೆಲ್ಲ ಸರಿ. ಆಸೆಯಿಂದ ಪಿಟೀಲು ಎತ್ತಿಕೊಂಡು ಕಮಾನು ಎಳೆದೆ. ತಗಡಿನ ಮೇಲೆ ಮೊಳೆ ಗೀಚಿದ ಸದ್ದು. ಮೂವತ್ತು ವರ್ಷದ ನನ್ನ ಪಿಟೀಲು! ಕೆಳಗಿಟ್ಟು ಯಂತ್ರ ಕಿತ್ತು ಮೇಜಿನ ಮೇಲೆ ಎಸೆದೆ. ಎರಡು ದಿನ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನ ಕಿವಿ ಪರೀಕ್ಷೆ ಮಾಡಿದ ಆ ಹೆಂಗಸಿನ ಹತ್ತಿರ ಹೋಗಿ ಕೂಗಾಡಿದೆ. ಅವರು ಮೆಲ್ಲಗೆ ಹೇಳಿದರು: "ಯಂತ್ರ ಸದ್ದನ್ನ ಒಳಗೆ ತಂದು ಹಾಕುತ್ತೆ ಅಷ್ಟೇ ಸಾರ್. ಅದು ಏನು ಅಂತ ನಿಮ್ಮ ತಲೆ ಮತ್ತೆ ಕಲೀಬೇಕು. ಎರಡು ವರ್ಷ ಕೇಳದೆ ಮರೆತುಬಿಟ್ಟಿದೆ. ಚಿಕ್ಕದರಿಂದ ಶುರು ಮಾಡಿ. ಗೊತ್ತಿರೋರ ದನಿ, ಒಂದೊಂದೇ ಸ್ವರ, ನಿಧಾನವಾಗಿ." ಎಷ್ಟು ದಿನ ಅಂದೆ. "ತಿಂಗಳುಗಟ್ಟಲೆ" ಅಂದರು. ಅಂದರೆ ಐವತ್ತೆಂಟಕ್ಕೆ ನಾನೂ ಹೊಸಬ.

ಮನೆಗೆ ಬಂದು ದೊಡ್ಡ ದೊಡ್ಡ ವಿದ್ವಾಂಸರ ಧ್ವನಿಮುದ್ರಿಕೆ ಹಾಕಿದೆ. ಸಂತೆಯ ಗದ್ದಲ. ನಿನ್ನ ಮೂರೂವರೆ ನಿಮಿಷದ ಹಾಡನ್ನೂ ಹಾಕಿದೆ. ಅದೂ ಗದ್ದಲವೇ, ಬೇಜಾರಾಗಬೇಡ, ಅದು ನಿನ್ನದಲ್ಲ ಎಂದು ನೀನೇ ಬರೆದಿದ್ದೀಯ.

ಅದಕ್ಕೆ ಒಂದು ಸಹಾಯ ಕೇಳುತ್ತಿದ್ದೇನೆ. ಗಿಟಾರಿನಲ್ಲಿ ಒಂದೇ ತಂತಿಯ ಮೇಲೆ ಒಂದೊಂದೇ ಸ್ವರ ನುಡಿಸಿ ಕಳಿಸು. ನುಡಿಸುವ ಮುಂಚೆ ಬಾಯಲ್ಲಿ ಎಣಿಕೆ ಹೇಳು. ಒಂದು, ಸ್ವರ. ಎರಡು, ಸ್ವರ. ಹೀಗೆ ಹದಿನಾರು. ಬಲ್ಲವರನ್ನು ಕೇಳಿದರೆ ಇಷ್ಟು ನಿಧಾನ ಅವರ ಕೈಲಾಗುವುದಿಲ್ಲ, ಬೆರಳು ತಾನಾಗಿ ಓಡುತ್ತದೆ. ನಿನಗೆ ಆ ತೊಂದರೆ ಇಲ್ಲ.

ಅಂಗಡಿಯ ಮುಂದೆ ಒಂದು ಹಲಗೆ ಹಾಕಿದ್ದೇನೆ. "ಕಿವಿ ಮಂದ. ಎದುರಿಗೆ ನಿಂತು ಮಾತಾಡಿ." ಶ್ರುತಿ ಪೆಟ್ಟಿಗೆ ಈಗ ಮೇಜಿನ ಮೇಲೆಯೇ ಇರುತ್ತದೆ. ಇಬ್ಬರು ಗಿರಾಕಿಗಳು ಹಲಗೆ ಓದಿ ಹಾಗೇ ಹಿಂದಿರುಗಿದರು. ಉಳಿದವರು ಬರುತ್ತಿದ್ದಾರೆ, ಮರದ ಕೆಲಸ ಮೊದಲಿನಷ್ಟೇ ಇದೆ. ಕಿರ್ ಅನ್ನುವ ಪಿಟೀಲಿನ ಆ ಹೆಂಗಸಿನ ಮನೆಗೆ ಹೋಗಿ, ತಪ್ಪು ನನ್ನದೇ ಎಂದು ಹೇಳಿ, ಅಂಟು ಹಾಕಿಕೊಟ್ಟು ಬಂದೆ.

ಅಣ್ಣ


ಆಗಸ್ಟ್ 12

ಅಣ್ಣಾ,

ನುಡಿಸಿ ಕಳಿಸಿದ್ದೇನೆ. ಹದಿನಾರು ಸ್ವರಕ್ಕೆ ನಾಲ್ಕು ಸಂಜೆ ಹಿಡಿಯಿತು. ನನ್ನ ಬದುಕಿನಲ್ಲಿ ಯಾರೂ ನನ್ನಿಂದ ಇಷ್ಟು ಸಣ್ಣ ಸಂಗೀತ ಕೇಳಿರಲಿಲ್ಲ.

ಮುಗಿದ ಮೇಲೆ ಆ್ಯಪ್ ಕೇಳಿತು: "ಹಿನ್ನೆಲೆ ಸದ್ದು ತೆಗೆಯಲೇ?" ತೆಗಿ ಅಂದೆ. ನಿನಗೆ ಕಷ್ಟವಾಗಬಾರದಲ್ಲ. ನಮ್ಮ ಮನೆಯವರ ಸೀನು, ಪಕ್ಕದ ಮನೆಯ ನಾಯಿ ಎರಡೂ ಮಾಯವಾದವು. ನಾಯಿಯ ಜೊತೆ ತಮ್ಮನ್ನೂ ಸೇರಿಸಿ ತೆಗೆದೆನಲ್ಲ ಎಂದು ಇವರು ಮುಖ ಊದಿಸಿಕೊಂಡಿದ್ದಾರೆ. ಆಮೇಲೆ ಕೇಳಿತು: "ಸ್ವರಗಳನ್ನು ಸರಿಪಡಿಸಲೇ?" ಅದಕ್ಕೆ ಬೇಡ ಅಂದೆ. ಬೆರಳು ಆ ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು, ಸುಳ್ಳು ಹೇಳುವುದಿಲ್ಲ.

ಹದಿನಾರರಲ್ಲಿ ನಾಲ್ಕಕ್ಕೆ ಕೆಂಪು ಗುರುತು ಬಂದಿದೆ. ಯಾವ್ಯಾವುದಕ್ಕೆ ಎಂದು ನಾನು ಹೇಳುವುದಿಲ್ಲ. ಎಐಯ ಹತ್ತಿರ ಕೇಳಿ ಬರೆಯಬೇಡ.

ಗುಂಡಿ ಅಕ್ಕ ಮೊನ್ನೆ ಬಂದಿದ್ದರು. ಅವರಿಗೂ ಈ ಹದಿನಾರನ್ನೇ ನುಡಿಸಿದೆ. ಎದುರಿಗೇ, ಸ್ಪೀಕರಿಲ್ಲದೆ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅವರು ಕುರ್ಚಿಗೆ ಒರಗಿ ನಿದ್ದೆ ಹೋಗಿದ್ದರು. ನಿಲ್ಲಿಸದೆ ಹದಿನಾರೂ ಮುಗಿಸಿದೆ.

ತಂಗಿ


ಆಗಸ್ಟ್ 21

ಮೋಟುಜಡೆ,

ಏಳು ದಿನ ಬೆಳಿಗ್ಗೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಕೇಳಿದೆ. ಮೊದಲ ದಿನ ನಿನ್ನ ದನಿ ಮಾತ್ರ ಸಿಕ್ಕಿತು, ಸ್ವರದ ಜಾಗದಲ್ಲಿ ಬರೀ ತಗಡು. ನಿನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ದಪ್ಪವಾಗಿದೆ. ಯಾವಾಗ ಹೀಗಾಯಿತು? ಮೂರನೆಯ ದಿನ ತಗಡುಗಳ ನಡುವೆ ಒಂದು ಮೇಲೆ, ಒಂದು ಕೆಳಗೆ ಎಂದು ಬೇರೆಯಾಗತೊಡಗಿತು. ಐದನೆಯ ದಿನ ನೀನು "ನಾಲ್ಕು" ಎಂದ ಮೇಲೆ ಬಂದದ್ದು ಗಿಟಾರಿನ ತಂತಿಯೇ. ಯಾರೂ ಹೇಳದೆ ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಕೂತೆ.

ನಾಲ್ಕು ಕೆಂಪಿನಲ್ಲಿ ಎರಡು ನನಗೆ ಸಿಕ್ಕಿಲ್ಲ. ಸಿಗುವವರೆಗೆ ಹೇಳಬೇಡ. ಸಿಕ್ಕ ಎರಡನ್ನು ಬರೆಯುತ್ತೇನೆ, ನಿನ್ನ ಆ್ಯಪಿನ ಜೊತೆ ತಾಳೆ ನೋಡು. ಹದಿಮೂರನೆಯದು ಸತ್ತ ಸದ್ದು. ಬೆರಳು ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಯ ಅಂಚಿಗೆ ಬರದೆ ಹಿಂದೆ ನಿಂತಿದೆ.

ಇನ್ನೊಂದು ಒಂಬತ್ತನೆಯದು. ಒತ್ತುವ ಭರದಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದಿದ್ದೀಯ, ಸ್ವರ ಒಂದು ಎಳೆಯಷ್ಟು ಏರಿದೆ. ಇವತ್ತು ಬೆಳಿಗ್ಗೆ ಆರೇಳು ಸಲ ಹಾಕಿ ಹಾಕಿ ಕೇಳಿದೆ, ಪ್ರತಿ ಸಲವೂ ಏರಿಯೇ ಇತ್ತು. ಪಕ್ಕದ ಅಂಗಡಿಯವರು ಬಂದು, "ಏನ್ರೀ, ಒಬ್ಬರೇ ಕೂತು ನಗ್ತಿದ್ದೀರ?" ಅಂದರು. ಬನ್ನಿ, ಕೂತ್ಕೊಳ್ಳಿ ಎಂದು ಅವರಿಗೂ ಕೇಳಿಸಿದೆ. ಅವರಿಗೆ ಏನೂ ಗೊತ್ತಾಗಲಿಲ್ಲ.

ನನ್ನ ತಂಗಿ ತಪ್ಪು ನುಡಿಸಿದ್ದಾಳೆ, ನನಗೆ ಕೇಳಿಸುತ್ತಿದೆ ಅಂದೆ.

ಅಣ್ಣ